ಚೀಟಿ ಉದುರಿದ ಮೇಲೆ



ಮಲೆನಾಡಿನ ಒಂದು ಊರಿನಲ್ಲಿ ಒಂದು ಸಣ್ಣ ಸಂಗ್ರಹವಿದೆ. ಊರಿನ ಹೆಸರು ಬೇಡ, ಅಂಥ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಮುನ್ನೂರು ಚಿಲ್ಲರೆ ಓಲೆಗರಿಯ ಕಟ್ಟುಗಳು, ಹದಿನೈದಿಪ್ಪತ್ತು ಕಡತಗಳು, ನಾಲ್ಕು ತಾಮ್ರಶಾಸನ, ಒಂದಿಷ್ಟು ಕತ್ತಿ ಗುರಾಣಿ, ದೇವಿಯದೊಂದು ಹಳೆಯ ಮುಖವಾಡ. ನಾನು ಮೊದಲ ಸಲ ಹೋದಾಗ ನೋಡಿಕೊಳ್ಳುವವರು ಹೆಮ್ಮೆಯಿಂದ ತೋರಿಸಿದ್ದು ಬಾಗಿಲಿನ ಬೀಗಗಳನ್ನು. ಮೂರು ಬೀಗ, ಕೀಲಿಕೈ ಇಬ್ಬರ ಹತ್ತಿರ. ಒಬ್ಬರೇ ಬಂದರೆ ಬಾಗಿಲು ತೆರೆಯದು. ಒಳಗೆ ಹೋಗಿ ತಲೆಯೆತ್ತಿದರೆ ಹಂಚಿನ ಸಂದಿಯಿಂದ ಬೆಳಕಿನ ಕೋಲೊಂದು ನೇರವಾಗಿ ಕಪಾಟಿನ ನೆತ್ತಿಯ ಮೇಲೆ ಇಳಿದಿತ್ತು. ಬಿಸಿಲು ಬಂದ ದಾರಿಯಲ್ಲಿ ಮಳೆ ಬಾರದೆ ಇರುತ್ತದೆಯೆ? ಕೇಳಿದೆ. "ಮಳೆಗಾಲದಲ್ಲಿ ಅಲ್ಲಿ ಒಂದು ಬಕೆಟ್ ಇಡುತ್ತೇವೆ" ಅಂದರು.

ಕಳ್ಳನಿಗೆ ಮೂರು ಬೀಗ, ಮಳೆಗೆ ಒಂದು ಬಕೆಟ್. ನಾವು ಹೆದರುವ ಕ್ರಮವೇ ಹೀಗೆ. ಕಳ್ಳನಿಗೆ ಮುಖವಿದೆ, ಅವನ ಬಗ್ಗೆ ಪತ್ರಿಕೆಯಲ್ಲಿ ಬರುತ್ತದೆ. ಹನಿಹನಿಯಾಗಿ ತೊಟ್ಟಿಕ್ಕುವ ನೀರಿನ ಮೇಲೆ ಯಾರೂ ದೂರು ಕೊಡುವುದಿಲ್ಲ. ಈ ಎರಡು ಭಯಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಆಗುತ್ತದೆಯೇ, ಅದರಲ್ಲಿ ಕಂಪ್ಯೂಟರು, ಸೆನ್ಸರುಗಳು ಎಷ್ಟು ಕೆಲಸಕ್ಕೆ ಬರುತ್ತವೆ ಎನ್ನುವುದು ಇವತ್ತು ನಾನು ಆಡಬೇಕೆಂದಿರುವ ಮಾತು.

ಹಳೆಯ ವಸ್ತುಗಳಿಗೆ ಬರುವ ಕುತ್ತುಗಳನ್ನು ಕೆನಡಾ ದೇಶದ ಸಂರಕ್ಷಣಾ ಸಂಸ್ಥೆಯವರು ಹತ್ತು ಎಂದು ಎಣಿಸಿಟ್ಟಿದ್ದಾರೆ. ಬೀಳುವುದು, ಕುಲುಕುವುದು, ಒಡೆಯುವುದು ಒಂದು. ಕಳ್ಳರು, ಕಿಡಿಗೇಡಿಗಳು. ಬೆಂಕಿ. ನೀರು. ಹುಳಹುಪ್ಪಟೆ, ಇಲಿ ಹೆಗ್ಗಣ. ಹೊಗೆ, ಧೂಳು. ಬೆಳಕು. ಹೊಂದದ ಉಷ್ಣಾಂಶ. ಹೊಂದದ ತೇವಾಂಶ. ಒಂಬತ್ತಾಯಿತು. ಹತ್ತನೆಯದನ್ನು ಆಮೇಲೆ ಹೇಳುತ್ತೇನೆ. ಮೂಲ ಪಟ್ಟಿಗೂ ಅದು ಕೊನೆಗೆ ಬಂದು ಸೇರಿಕೊಂಡದ್ದೇ.

ನಮ್ಮ ಹಿರಿಯರಿಗೆ ಇವೆಲ್ಲ ತಿಳಿಯದ ಸಂಗತಿಗಳಲ್ಲ. ಓಲೆಗರಿಯ ಕಟ್ಟಿನ ನಡುವೆ ಬಜೆಯ ತುಂಡು, ಬೇವಿನ ಎಲೆ; ಮೇಲೆ ಕೆಳಗೆ ಮರದ ಹಲಗೆ; ಸುತ್ತ ಬಿಗಿಯಾಗಿ ಬಟ್ಟೆ; ವರ್ಷಕ್ಕೊಮ್ಮೆ ಬಿಚ್ಚಿ, ಒರೆಸಿ, ಪೂಜೆ ಮಾಡಿ ಮತ್ತೆ ಕಟ್ಟುವುದು. ಆ ಪೂಜೆಯೇ ಒಂದು ತಪಾಸಣೆ. ಒಂದೊಂದು ಕುತ್ತಿಗೂ ಒಂದೊಂದು ಮದ್ದು ಅವರ ಕೈಯಲ್ಲಿತ್ತು. ಈಗಿನ ಪ್ರಶ್ನೆ ಸ್ವಲ್ಪ ಬೇರೆ. ಕೈಯಲ್ಲಿರುವ ಹಣ ಒಂದಿಷ್ಟೇ, ಕುತ್ತುಗಳು ಹತ್ತು. ಮೊದಲ ರೂಪಾಯಿ ಯಾವುದರ ಮೇಲೆ?

ಇದಕ್ಕೆ ಒಂದು ಲೆಕ್ಕದ ದಾರಿಯುಂಟು. ಕೆನಡಾದ ಅದೇ ಸಂಸ್ಥೆಯ ಸ್ಟೀಫನ್ ಮಿಚಾಲ್ಸ್ಕಿ, ರೋಮ್ ನಗರದ ಇಕ್ರಾಮ್ ಸಂಸ್ಥೆಯ ಜೋಸೆ ಲೂಯಿಜ್ ಪೆಡರ್ಸೋಲಿ ಇಬ್ಬರೂ ಸೇರಿ ಬರೆದಿಟ್ಟ ಎಬಿಸಿ ವಿಧಾನ. ಹೆಸರಿನಷ್ಟೇ ಸರಳ. ಪ್ರತಿ ಕುತ್ತಿಗೂ ಮೂರು ಪ್ರಶ್ನೆ. ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ? ಬಂದಾಗ ಸಿಕ್ಕಿಬಿದ್ದ ವಸ್ತುವಿನ ಬೆಲೆಯಲ್ಲಿ ಎಷ್ಟು ಪಾಲು ಹಾಳಾಗುತ್ತದೆ? ಒಟ್ಟು ಸಂಗ್ರಹದಲ್ಲಿ ಎಷ್ಟು ಪಾಲು ಅದರ ಬಾಯಿಗೆ ಸಿಗುತ್ತದೆ? ಒಂದೊಂದಕ್ಕೂ 5 ಅಂಕ. ಒಂದು ಅಂಕ ಕಡಿಮೆಯಾದರೆ ಅಪಾಯ ಹತ್ತು ಪಟ್ಟು ಕಡಿಮೆ ಎಂದರ್ಥ. ಮೂರನ್ನೂ ಕೂಡಿದರೆ ಬರುವುದು ಆ ಕುತ್ತಿನ ತೂಕ. ಹೆಚ್ಚೆಂದರೆ 15.

ಕಾಗದ ಪೆನ್ನು ಹುಡುಕಬೇಡಿ, ಬಾಯಿಲೆಕ್ಕವೇ ಸಾಕು. ಮಳೆ ಪ್ರತಿ ವರ್ಷ ಬರುತ್ತದೆ, 5 ಅಂಕ. ನೆನೆದ ಕಟ್ಟು ತನ್ನ ಬೆಲೆಯಲ್ಲಿ ಹತ್ತರಲ್ಲೊಂದು ಪಾಲು ಕಳೆದುಕೊಳ್ಳುತ್ತದೆ ಎನ್ನೋಣ, 4. ನೆನೆಯುವುದು ಸಂಗ್ರಹದ ನೂರರಲ್ಲೊಂದು ಪಾಲು, 3. ಒಟ್ಟು 12. ಇನ್ನು ಕಳ್ಳ. ಅವನು 30 ವರ್ಷಕ್ಕೊಮ್ಮೆ ಬರುತ್ತಾನೆ ಎಂದಿಟ್ಟುಕೊಳ್ಳಿ, 3.5. ಹೋದದ್ದು ಪೂರ್ತಿ ಹೋಯಿತು, 5. ಅವನ ಚೀಲದಲ್ಲಿ ಹೋಗುವುದು ಸಂಗ್ರಹದ ಸಾವಿರದಲ್ಲೊಂದು ಪಾಲು, 2. ಒಟ್ಟು 10.5. ಒಂದೂವರೆ ಅಂಕದ ಅಂತರ ಅಂದರೆ ಸುಮಾರು 30 ಪಟ್ಟು. ಬಕೆಟ್ ಇಟ್ಟ ಜಾಗದಲ್ಲಿ ಆಗುತ್ತಿದ್ದ ನಷ್ಟ ಬೀಗದ ಕಡೆಯಿಂದ ಆಗಬಹುದಾದ ನಷ್ಟದ 30 ಪಟ್ಟು!

ಇದನ್ನು ಆ ಊರಿನವರ ಮುಂದೆ ಲ್ಯಾಪ್‌ಟಾಪ್ ತೆರೆದು ತೋರಿಸಿದಾಗ ನನಗೆ ಒಳಗೊಳಗೇ ಗೆದ್ದ ಖುಷಿ. ಅಲ್ಲಿನ ಗುಮಾಸ್ತರು ಒಂದೇ ಮಾತಿನಲ್ಲಿ ಅದನ್ನು ಇಳಿಸಿದರು. "ಕಳ್ಳ ಬಂದರೆ ಓಲೆಗರಿ ಒಯ್ಯುತ್ತಾನಾ ಸ್ವಾಮಿ? ದೇವಿ ಮುಖವಾಡ ಒಯ್ಯುತ್ತಾನೆ. ಅದು ಸಾವಿರದಲ್ಲೊಂದು ಪಾಲಾ?" ಸರಿ, ಎಷ್ಟು ಪಾಲು ನೀವೇ ಹೇಳಿ ಎಂದೆ. ಹತ್ತರಲ್ಲೊಂದು ಅಂದರು. 2 ಇದ್ದ ಕಡೆ 4 ಬರೆದೆ. ಕಳ್ಳನ ತೂಕ 12.5ಕ್ಕೆ ಏರಿ ಮಳೆಯನ್ನು ದಾಟಿತು. ಬೀಗಗಳ ಮರ್ಯಾದೆ ಉಳಿಯಿತು.

ಈ ಒಂದು ಕ್ಷಣಕ್ಕಾಗಿಯೇ ನನಗೆ ಆ ಲೆಕ್ಕದ ಹಾಳೆಯ ಮೇಲೆ ಗೌರವ. ಯಂತ್ರ ಸತ್ಯ ಹೇಳಿತು ಎಂದಲ್ಲ. ನಮ್ಮೊಳಗೆ ಅಡಗಿಕೊಂಡಿದ್ದ ಊಹೆಯನ್ನು ಅದು ಮೇಜಿನ ಮೇಲೆ ತಂದು ಇಟ್ಟಿತು. ಬರೇ ಬಾಯಿಮಾತಿನಲ್ಲಾಗಿದ್ದರೆ ನಾನು ನನ್ನ ಮಳೆಯನ್ನೂ ಅವರು ಅವರ ಕಳ್ಳನನ್ನೂ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದೆವು. ಆಮೇಲೆ ಮಧ್ಯಾಹ್ನವೆಲ್ಲ ನಡೆದದ್ದು ಬೆಲೆಯ ಜಗಳ. ಈ ವಿಧಾನದಲ್ಲಿ ಅದಕ್ಕೊಂದು ಚಿತ್ರವಿದೆ: ಒಂದು ದುಂಡನೆಯ ಹೋಳಿಗೆ, ಅದನ್ನು ತುಂಡು ಮಾಡಿ ಯಾವ ವಸ್ತುವಿಗೆ ಎಷ್ಟು ಎಂದು ಹಂಚಬೇಕು. ಜತೆಗಿದ್ದ ವಿದ್ವಾಂಸರು ಓಲೆಗರಿಗೆ ಮುಕ್ಕಾಲು ಹೋಳಿಗೆ ಕೊಟ್ಟರು. ಅರ್ಚಕರು ಮುಖವಾಡಕ್ಕೆ ಅರ್ಧ ಕೇಳಿದರು. ಒಬ್ಬ ಕಾಲೇಜು ಹುಡುಗಿ ಕಡತಗಳ ಕಡೆ ಬೊಟ್ಟು ಮಾಡಿ, ಅದರಲ್ಲಿ ನಮ್ಮ ಊರಿನ ಗದ್ದೆ ತೆರಿಗೆಯ ಲೆಕ್ಕವಿದೆ, ನಮ್ಮ ಮುತ್ತಜ್ಜನ ಹೆಸರಿದೆ, ಅದಕ್ಕೇನೂ ಇಲ್ಲವಾ ಎಂದಳು. ಯಾವ ಸಾಫ್ಟ್‌ವೇರೂ ಈ ಹೋಳಿಗೆ ಕತ್ತರಿಸಿ ಕೊಡುವುದಿಲ್ಲ. ಕತ್ತರಿಸಿದ ಮೇಲೆ ನಿಮ್ಮ ಲೆಕ್ಕ ನಿಮ್ಮ ಮಾತಿಗೆ ತಾಳೆಯಾಗುತ್ತದೋ ಇಲ್ಲವೋ ಎಂದಷ್ಟೇ ಹೇಳುತ್ತದೆ.

ಬೆಂಕಿಯ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರೂ ಸುಮ್ಮನಾದರು. 300 ವರ್ಷಕ್ಕೊಮ್ಮೆ ಎಂದರೂ ಎಲ್ಲವನ್ನೂ, ಪೂರ್ತಿಯಾಗಿ ಒಯ್ಯುತ್ತದೆ: 2.5, 5, 5. ಒಟ್ಟು 12.5. ಪ್ರತಿ ವರ್ಷದ ಮಳೆಗಿಂತ ಭಾರ. 300 ವರ್ಷ ಎಂದೊಡನೆ ಇನ್ನೂ ಸಮಯವಿದೆ ಎಂದು ಮನಸ್ಸು ನಿರಾಳವಾಗುತ್ತದಲ್ಲ, ಅದು ಮೋಸ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲೇ ಸುಟ್ಟುಹೋಯಿತು. ಹೆನ್ರಿ ಅರ್ವಿನ್ ಕಟ್ಟಿದ ಈಗಿನ ಅರಮನೆ 1912ಕ್ಕೆ ಮುಗಿಯಿತು. 2016ರ ಏಪ್ರಿಲಿನಲ್ಲಿ ದೆಹಲಿಯ ರಾಷ್ಟ್ರೀಯ ನಿಸರ್ಗ ವಿಜ್ಞಾನ ಸಂಗ್ರಹಾಲಯ ಒಂದು ರಾತ್ರಿಯಲ್ಲಿ ಬೂದಿಯಾಯಿತು. 2018ರ ಸೆಪ್ಟೆಂಬರ್ 2ರಂದು ಬ್ರೆಜಿಲ್ ದೇಶದ ರಿಯೊ ನಗರದ ರಾಷ್ಟ್ರೀಯ ಸಂಗ್ರಹಾಲಯ ಹೊತ್ತಿಕೊಂಡಿತು. ಅದಕ್ಕೆ 200 ವರ್ಷ ತುಂಬಿದ ವರ್ಷವದು. 2 ಕೋಟಿ ವಸ್ತುಗಳಿದ್ದ ಜಾಗ. ಬೆಂಕಿ ಹತ್ತಿದ್ದು ಸಭಾಂಗಣದ ಏರ್ ಕಂಡೀಷನರಿನಿಂದ ಎಂದು ಅಲ್ಲಿನ ಪೊಲೀಸರ ತನಿಖೆ ಹೇಳಿತು. ಸುಟ್ಟುಹೋದುದರಲ್ಲಿ ಈಗ ಯಾರೂ ಆಡದ ಕೆಲವು ಬುಡಕಟ್ಟು ನುಡಿಗಳ ಧ್ವನಿಮುದ್ರಣಗಳೂ ಇದ್ದವು. ಬಾನುಲಿಯಲ್ಲಿ ಕೂತು ಇದನ್ನು ಹೇಳುವಾಗ ಗಂಟಲು ಸ್ವಲ್ಪ ಹಿಡಿಯುತ್ತದೆ.

ಈಗ ಸಾಧನಗಳ ಮಾತು. ಡೇಟಾ ಲಾಗರ್ ಎಂಬ ಬೆಂಕಿಪೊಟ್ಟಣದಷ್ಟು ಸಣ್ಣ ಸಾಧನ ಸಿಗುತ್ತದೆ. ಅರ್ಧ ಗಂಟೆಗೊಮ್ಮೆ ಉಷ್ಣಾಂಶ, ತೇವಾಂಶ ಬರೆದಿಟ್ಟುಕೊಳ್ಳುವುದು ಅದರ ಕೆಲಸ. ಅಂಥ ಮೂರನ್ನು ಮಲೆನಾಡಿನ ಆ ಊರಿನಲ್ಲಿ ಇಟ್ಟು ಬಂದೆವು. ಒಂದು ಕೋಣೆಯ ಗೋಡೆಗೆ, ಒಂದು ದಾನಿಗಳು ಕೊಟ್ಟ ಹೊಸ ಉಕ್ಕಿನ ಬೀರುವಿನೊಳಗೆ, ಇನ್ನೊಂದು ಮೂಲೆಯಲ್ಲಿದ್ದ ಹಲಸಿನ ಮರದ ಹಳೆಯ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿದ ಕಟ್ಟಿನ ಮಗ್ಗುಲಿಗೆ. ಒಂದು ವರ್ಷ ಕಳೆದು ತೆಗೆದು ನೋಡಿದರೆ ಮೂರು ಗೆರೆಗಳು ಮೂರು ಕತೆ ಹೇಳಿದವು.

ಕೋಣೆಯ ಗೆರೆ ಗರಗಸದ ಹಲ್ಲಿನಂತಿತ್ತು. ಬೆಳಿಗ್ಗೆ 10ಕ್ಕೆ ಎಸಿ ಹಾಕುತ್ತಾರೆ, ತೇವ ಇಳಿಯುತ್ತದೆ. ಸಂಜೆ 5ಕ್ಕೆ ಆರಿಸಿ ಮನೆಗೆ ಹೋಗುತ್ತಾರೆ, ಹಂಚಿನ ಸಂದಿಯಿಂದ ಮಲೆನಾಡೆಲ್ಲ ಒಳಗೆ ಬರುತ್ತದೆ. ಕ್ಯಾಲೆಂಡರ್ ಇಲ್ಲದೆ ಆ ಗೆರೆ ನೋಡಿಯೇ ಭಾನುವಾರ ಯಾವುದು, ಸರ್ಕಾರಿ ರಜೆ ಯಾವುದು ಎಂದು ಹೇಳಬಹುದಿತ್ತು. ಓಲೆಗರಿ, ಮರ, ಚರ್ಮ ಇವೆಲ್ಲ ತೇವ ಹೀರಿ ಹಿಗ್ಗುವ, ಬಿಟ್ಟು ಕುಗ್ಗುವ ವಸ್ತುಗಳು. ದಿನಕ್ಕೊಮ್ಮೆ ಈ ಉಯ್ಯಾಲೆಯಾಡಿದರೆ ಸವೆಯದೆ ಇರುತ್ತವೆಯೆ? ಎಸಿ ಇಲ್ಲದಿದ್ದ ಕಾಲವೇ ಅವಕ್ಕೆ ಹಿತವಾಗಿತ್ತು. ಬೀರುವಿನ ಗೆರೆ ಅಷ್ಟು ಕುಣಿದಿರಲಿಲ್ಲ, ಆದರೆ ಜೂನ್ ತಿಂಗಳಲ್ಲಿ ಏರಿ ಕುಳಿತದ್ದು ಇಳಿಯಲೇ ಇಲ್ಲ. ತೇವಾಂಶ ನೂರಕ್ಕೆ 70 ದಾಟಿ ನಿಂತರೆ ಬೂಷ್ಟಿಗೆ ಹಬ್ಬ. ಮರದ ಪೆಟ್ಟಿಗೆಯ ಗೆರೆ ಮಾತ್ರ ನಿಧಾನವಾಗಿ ಏರಿ ನಿಧಾನವಾಗಿ ಇಳಿದಿತ್ತು, ವಯಸ್ಸಾದವರು ಮೆಟ್ಟಿಲು ಹತ್ತಿದ ಹಾಗೆ. ಮರವೂ ಬಟ್ಟೆಯೂ ತೇವವನ್ನು ತಾವು ಹೀರಿಕೊಂಡು ಒಳಗಿದ್ದುದನ್ನು ಕಾಯ್ದಿದ್ದವು. ಕಟ್ಟುಗಳನ್ನೆಲ್ಲ ಬೀರುವಿಗೆ ಸಾಗಿಸುವ ಯೋಚನೆ ಅಲ್ಲಿಗೆ ನಿಂತಿತು.

ಇಂಥ ಗೆರೆಗಳನ್ನು ಓದಿ ಮುಂದಾಗುವುದನ್ನು ಹೇಳುವ ವ್ಯವಸ್ಥೆಗಳೂ ಇವೆ. ಅಮೆರಿಕದ ರಾಚೆಸ್ಟರಿನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟಿನದು ಒಂದು. ಲಾಗರಿನ ಅಂಕಿಗಳನ್ನು ಉಣಿಸಿದರೆ ಈ ಹವೆಯಲ್ಲಿ ನಿಮ್ಮ ಕಾಗದ ಎಷ್ಟು ವೇಗವಾಗಿ ಮುಪ್ಪಾಗುತ್ತಿದೆ, ಬೂಷ್ಟು ಬರುವ ಸಂಭವ ಎಷ್ಟು ಎಂದು ತಿಳಿಸುತ್ತದೆ. 5 ಡಿಗ್ರಿ ತಂಪಾದರೆ ಕಾಗದದ ಆಯುಷ್ಯ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ ಎಂಬಂಥ ತಿಳಿವಳಿಕೆ ಅದರ ಹಿಂದೆ ಇದೆ. ಪೋಲೆಂಡಿನ ಕ್ರಾಕೋವ್ ನಗರದ ವಿಜ್ಞಾನಿಗಳು ಕಟ್ಟಿದ ಹೆರಿ ಎಂಬ ಜಾಲತಾಣ ಇನ್ನೊಂದು. ಅದರಲ್ಲಿ ಬೆಳಕಿನ ಲೆಕ್ಕವೂ ಉಂಟು. ರೇಷ್ಮೆಯ ಪೇಟದ ಮೇಲೆ ಎಷ್ಟು ಲಕ್ಸ್ ಬೆಳಕು, ದಿನಕ್ಕೆಷ್ಟು ಗಂಟೆ, ಬಣ್ಣ ಎಷ್ಟು ನಾಜೂಕಿನದು ಎಂದು ತುಂಬಿಸಿದರೆ ಕಣ್ಣಿಗೆ ಕಾಣುವಷ್ಟು ಮಾಸುವುದು ಎಷ್ಟು ವರ್ಷಕ್ಕೆ ಎಂದು ಹೇಳುತ್ತದೆ. ನಾಜೂಕಿನ ವಸ್ತುಗಳಿಗೆ 50 ಲಕ್ಸ್ ಎಂಬುದು ವಾಡಿಕೆಯ ಮಿತಿ. 500 ಲಕ್ಸಿನಲ್ಲಿಟ್ಟರೆ ಹತ್ತು ವರ್ಷದ ಸವೆತ ಒಂದೇ ವರ್ಷದಲ್ಲಿ.

ಒಳ್ಳೆಯದೇ. ಆದರೆ ಈ ಸೂತ್ರಗಳು ಹುಟ್ಟಿದ್ದು ಹೆಚ್ಚಾಗಿ ತಣ್ಣನೆಯ ದೇಶಗಳ ಕಾಗದ, ಬಣ್ಣ, ಮರದ ಹಲಗೆಯ ಚಿತ್ರಗಳ ಮೇಲೆ. ನಮ್ಮ ಕಡತಕ್ಕೆ ಅಲ್ಲಿ ಜಾಗವೆಲ್ಲಿ? ಕಡತ ಎಂದರೆ ಇಲ್ಲಿ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಹಾಕಿ, ಬಿಳಿಯ ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಒಂದು ಒದ್ದೆ ಅಂಗೈ ಸವರಿದರೆ ಸಾಕು, ಮುತ್ತಜ್ಜನ ಹೆಸರು ಅಳಿಸಿಹೋಗುತ್ತದೆ. ಅದೇ ನೀರು ಓಲೆಗರಿಯ ಮೇಲೆ ಬಿದ್ದರೆ ಕಂಟದಿಂದ ಕೊರೆದ ಅಕ್ಷರ ಅಷ್ಟು ಬೇಗ ಹೋಗದು. ಒಣಗಿಸಿ, ಎಣ್ಣೆಮಸಿ ಸವರಿದರೆ ಮತ್ತೆ ಎದ್ದು ಬರುತ್ತದೆ. ತಾಮ್ರಶಾಸನ ಆ ಹನಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಅದರ ಶತ್ರು ಕರಗಿಸುವವನು. ಹೀಗೆ ಒಂದೇ ಸೋರಿಕೆಗೆ ಮೂರು ವಸ್ತುಗಳಲ್ಲಿ ಮೂರು ಬೇರೆ ಅಂಕ ಕೊಡಬೇಕು. ಆ ಅಂಕ ಕೊಡಬಲ್ಲವರು ಓಲೆ ಬಿಚ್ಚಿ ಕಟ್ಟಿ ಬೆರಳು ಪಳಗಿದವರು. ನಮ್ಮ ಹೋಳಿಗೆ ಸಭೆಯಲ್ಲಿ ಕಡತದ ಪಕ್ಷ ವಹಿಸಿದ್ದು ಆ ಹುಡುಗಿಯೊಬ್ಬಳೇ. ನೀರಿಗೆ ಕಡತದ ಅಕ್ಷರ ನಿಲ್ಲದು ಎಂದು ಗೊತ್ತಾದ ಮೇಲೆ ಸೋರುವ ಹಂಚಿನ ಕೆಳಗಿಂದ ಮೊದಲು ಎದ್ದದ್ದು ಕಡತಗಳು.

ಈಗ ಹತ್ತನೆಯ ಕುತ್ತು. ಇಂಗ್ಲಿಷಿನಲ್ಲಿ ಡಿಸೋಸಿಯೇಷನ್ ಎನ್ನುತ್ತಾರೆ. ನಾನು ನಂಟು ತಪ್ಪುವುದು ಎನ್ನುತ್ತೇನೆ. ವಸ್ತು ಇರುತ್ತದೆ, ಅದು ಏನು ಎಂಬುದು ಹೋಗಿರುತ್ತದೆ. ಆ ಊರಿನ ಕಪಾಟಿನ ತಳದ ಹಲಗೆಯನ್ನು ಗುಡಿಸಿದಾಗ ಹಿಡಿ ತುಂಬ ಹಳೆಯ ಚೀಟಿಗಳು ಸಿಕ್ಕಿದವು. ಅಂಟಿನ ಆಸೆಗೆ ಹುಳುಗಳು ತಿಂದು ಉದುರಿಸಿದ್ದವು. ಮುತ್ತಿನಂಥ ಅಕ್ಷರದಲ್ಲಿ ಗ್ರಂಥದ ಹೆಸರು, ಕೊಟ್ಟವರ ಹೆಸರು, ಕ್ರಮಸಂಖ್ಯೆ. ಯಾವ ಚೀಟಿ ಯಾವ ಕಟ್ಟಿನದು? ಓಲೆಗರಿ ನೆನೆದಿಲ್ಲ, ಸುಟ್ಟಿಲ್ಲ, ಕಳುವಾಗಿಲ್ಲ. ಆದರೂ ಪ್ರತಿ ಕಟ್ಟನ್ನು ಬಿಚ್ಚಿ ಓದಿ ಗುರುತು ಹಿಡಿಯುವ ತನಕ ಅದು ಸೌದೆಗೆ ಸಮ.

ಗುರುತು ಹಿಡಿಯುವುದು ಎಂದರೆ ಏನೆಂದು ಮೈಸೂರಿನವರಿಗೆ ಹೇಳಬೇಕಿಲ್ಲ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಕೊಟ್ಟ ಓಲೆಯ ಕಟ್ಟೊಂದನ್ನು ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅಚ್ಚಾಯಿತು. ಆ ಓಲೆ ಅದಕ್ಕೂ ಹಿಂದೆ ಸುಟ್ಟಿರಲಿಲ್ಲ, ಕಳುವಾಗಿರಲಿಲ್ಲ. ಲೋಕಕ್ಕೆ ಮಾತ್ರ ಅದು ಇರಲಿಲ್ಲ.

ಲೆಕ್ಕದ ಹಾಳೆಯಲ್ಲಿ ಹತ್ತು ಕುತ್ತುಗಳನ್ನು ಬೇರೆಬೇರೆ ಸಾಲಿನಲ್ಲಿ ಬರೆಯುತ್ತೇವೆ. ನನಗೆ ಇದರ ಮೇಲೆ ಒಂದು ತಕರಾರಿದೆ. ಅವು ಹಾಗೆ ಬೇರೆಬೇರೆ ಇರುವುದಿಲ್ಲ, ಕೈಕೈ ಹಿಡಿದುಕೊಂಡು ಬರುತ್ತವೆ. 2023ರ ಆಗಸ್ಟಿನಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ತನ್ನಲ್ಲಿದ್ದ ಸುಮಾರು 2,000 ವಸ್ತುಗಳು ಕಾಣೆಯಾಗಿವೆ, ಕಳುವಾಗಿವೆ ಅಥವಾ ಹಾನಿಗೊಂಡಿವೆ ಎಂದು ಒಪ್ಪಿಕೊಂಡಿತು. ನಿರ್ದೇಶಕರು ರಾಜೀನಾಮೆ ಕೊಟ್ಟರು. ಅಲ್ಲಿ ಬೀಗವಿರಲಿಲ್ಲವೆ, ಕ್ಯಾಮೆರಾ ಇರಲಿಲ್ಲವೆ? ಎಲ್ಲ ಇತ್ತು. ಹೋದವುಗಳಲ್ಲಿ ಬಹಳಷ್ಟು ಕೆತ್ತನೆಯ ಸಣ್ಣ ಹರಳುಗಳು, ಒಡವೆಗಳು. ಅವುಗಳಲ್ಲಿ ಅನೇಕಕ್ಕೆ ಸರಿಯಾದ ದಾಖಲೆ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ವಸ್ತು ಕಾಣೆಯಾದರೆ ಕಾಣೆಯಾಯಿತು ಎಂದು ತಿಳಿಯುವುದಾದರೂ ಹೇಗೆ? ಆಮೇಲೆ ಅವರು ಮಾಡಿದ ಘೋಷಣೆ, ಇಡೀ ಸಂಗ್ರಹದ ದಾಖಲೆಯನ್ನು ಐದು ವರ್ಷದಲ್ಲಿ ಡಿಜಿಟಲ್ ಮಾಡುತ್ತೇವೆ ಎಂದು. ನಮ್ಮ ಗುಮಾಸ್ತರ ಮೂರು ಬೀಗ ನನಗೆ ಆಗ ಮತ್ತೆ ನೆನಪಾಯಿತು. ಅವರ ಕಳ್ಳ ಬಾಗಿಲಿನಿಂದಲೇ ಬರಬೇಕಾಗಿರಲಿಲ್ಲ, ಉದುರಿದ ಚೀಟಿಯ ಜಾಗದಿಂದಲೂ ಬರಬಹುದಿತ್ತು.

ನಮ್ಮಲ್ಲೂ ಪುಣೆಯ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಜತನ್ ಎಂಬ ತಂತ್ರಾಂಶವಿದೆ. ಕೇಂದ್ರದ ದೊಡ್ಡ ಸಂಗ್ರಹಾಲಯಗಳು ತಮ್ಮ ವಸ್ತುಗಳ ಚಿತ್ರ, ವಿವರಗಳನ್ನು ಅದರ ಮೂಲಕ ಜಾಲದಲ್ಲಿ ಇಟ್ಟಿವೆ. ಹೆಸರು ಚೆನ್ನಾಗಿದೆ, ಜತನ. ನಾವು ಮನೆಯಲ್ಲಿ ಆಡುವ ಮಾತೇ. ಇನ್ನು ಕಲ್ಲಿನ ಕಡೆ ನೋಡಿದರೆ, ಬಿ.ಎಲ್. ರೈಸ್ ನೂರು ವರ್ಷಕ್ಕೂ ಹಿಂದೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಊರೂರಿನ ಶಾಸನಗಳನ್ನು ಬರೆದಿಟ್ಟರು. ಬೆಂಗಳೂರು ಬೆಳೆದಂತೆ ಆ ಪಟ್ಟಿಯಲ್ಲಿದ್ದ ಕಲ್ಲುಗಳಲ್ಲಿ ಎಷ್ಟೋ ಮಾಯವಾದವು, ಚರಂಡಿಯ ಚಪ್ಪಡಿಯಾದವು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಗ ಉಳಿದ ಶಾಸನಗಳನ್ನು ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರ ಪರದೆಯ ಮೇಲೆ ಮೂಡುತ್ತದೆ. ಒಂದು ಕಲ್ಲು ಎಲ್ಲಿದೆ, ಹೇಗಿದೆ ಎಂಬ ದಾಖಲೆ ಇದ್ದರೆ ಅದರ ಪಕ್ಕ ಜೆಸಿಬಿ ಬಂದಾಗ ಕೂಗಲು ಒಂದು ಆಧಾರವಾದರೂ ಇರುತ್ತದೆ.

ಆದರೆ ಕಂಪ್ಯೂಟರಿಗೆ ಹಾಕಿದ ಮಾತ್ರಕ್ಕೆ ನಂಟು ಗಟ್ಟಿಯಾಯಿತು ಎನ್ನುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ 1086ರ ಡೂಮ್ಸ್‌ಡೇ ಪುಸ್ತಕ ಎಂಬ ಭೂದಾಖಲೆಯ 900ನೇ ವರ್ಷಕ್ಕೆಂದು ಬಿಬಿಸಿಯವರು 1986ರಲ್ಲಿ ಅದರ ಹೊಸ ರೂಪವನ್ನು ಲೇಸರ್ ಡಿಸ್ಕುಗಳಲ್ಲಿ ತಂದರು. 15 ವರ್ಷ ತುಂಬುವುದರಲ್ಲಿ ಆ ಡಿಸ್ಕು ಓದುವ ಯಂತ್ರಗಳೇ ಅಪರೂಪವಾಗಿ, ಅದನ್ನು ಉಳಿಸಿಕೊಳ್ಳುವುದೇ ಒಂದು ಸಾಹಸವಾಯಿತು. ಚರ್ಮದ ಹಾಳೆಯ ಹಳೆಯ ಪುಸ್ತಕವನ್ನು ಈಗಲೂ ಓದಬಹುದು. ಮಲೆನಾಡಿನ ಆ ಊರಿನ ಸಂಗ್ರಹದ ಫೋಟೋಗಳನ್ನು ಯಾರೋ ಉತ್ಸಾಹಿ ಹುಡುಗರು ಹಿಂದೊಮ್ಮೆ ತೆಗೆದಿದ್ದರಂತೆ. ಪೆನ್‌ಡ್ರೈವ್ ಸಿಕ್ಕಿತು, ತೆರೆಯಿತು ಕೂಡ. ಸಾವಿರಾರು ಚಿತ್ರಗಳು, ಪ್ರತಿಯೊಂದರ ಹೆಸರೂ ಕ್ಯಾಮೆರಾ ತಾನಾಗಿ ಕೊಟ್ಟ ಐಎಂಜಿ ಮತ್ತು ನಾಲ್ಕು ಅಂಕಿ. ಚೀಟಿ ಇಲ್ಲದ ಕಟ್ಟಿಗೆ ಚೀಟಿ ಇಲ್ಲದ ನೆರಳು.

ವರ್ಷದ ಕೊನೆಗೆ ಅಲ್ಲಿ ಆದ ಖರ್ಚಿನ ಪಟ್ಟಿ ಹೇಳಿಬಿಡುತ್ತೇನೆ, ಕೇಳಿ ನೀವು ನಗಬಹುದು. ಹಂಚು ಕೈಯಾಡಿಸಿದ ಕೂಲಿ. ಹತ್ತಿಬಟ್ಟೆ. ಒಂದು ಡಜನ್ ಪೆನ್ಸಿಲ್, ಆಮ್ಲವಿಲ್ಲದ ಕಾಗದ, ದಾರ. ಚೀಟಿ ಇನ್ನು ಮುಂದೆ ಅಂಟಿನಿಂದಲ್ಲ, ದಾರದಿಂದ. ಹಳೆಯ ವೈರಿಂಗ್ ಬದಲಿಸಿದ್ದೇ ದೊಡ್ಡ ಮೊತ್ತ. ಎಸಿಯನ್ನು ಕಳಚಿ ಕಚೇರಿಗೆ ಹಾಕಿಕೊಂಡರು. ಗುಮಾಸ್ತರು ಈಗ ಹಾಯಾಗಿದ್ದಾರೆ. ಬೀಗಗಳು ಮೂರೂ ಇವೆ. ಆ ಹುಡುಗಿ ಶನಿವಾರ ಬಂದು ಕಟ್ಟು ಬಿಚ್ಚಿ ಮೊದಲ ಗರಿ ಓದಿ, ಕ್ರಮಸಂಖ್ಯೆಯನ್ನೂ ಗ್ರಂಥದ ಹೆಸರನ್ನೂ ಚಿತ್ರದ ಫೈಲಿಗೆ ಹೆಸರಾಗಿ ಇಡುತ್ತಾಳೆ. ವಾರಕ್ಕೆ ಐದು ಆರು ಕಟ್ಟು ಆಗುತ್ತವೆ.

ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಶುರು ಮಾಡಿದಾಗ ಮಾತು ಗಾಳಿಯಲ್ಲಿ ಹೋಗಿ ಗಾಳಿಯಲ್ಲೇ ಮುಗಿಯುತ್ತಿತ್ತು. ಆಮೇಲೆ ಟೇಪು ಬಂತು, ಈಗ ಅದೂ ಇಲ್ಲ. ಇಷ್ಟು ಹೊತ್ತು ನಾನು ಆಡಿದ್ದೆಲ್ಲ ಈ ಗಾಜಿನ ಆಚೆ ಕೂತವರ ಕಂಪ್ಯೂಟರಿನಲ್ಲಿ ಒಂದು ಫೈಲಾಗಿದೆ. ಅದಕ್ಕೆ ಏನು ಹೆಸರಿಟ್ಟಿದ್ದೀರಿ ಎಂದು ಹೊರಗೆ ಹೋಗುವಾಗ ಕೇಳಿಕೊಂಡು ಹೋಗುತ್ತೇನೆ.